ಅಂಗುಳ

“ಇನ್ನು ಬಾಯಿಯ ಮಾಳಿಗೆಯನ್ನು, ಅಂದರೆ ಅಂಗುಳವನ್ನು ನೋಡಿ,” ಎಂದ ಕಿರಿಯ ಪಾದ್ರಿ ಆಂಬ್ರೋಸ್ ಥರ್ಲೋ, ಕೈಯಲ್ಲಿದ್ದ ಹಾಳೆಯನ್ನು ಸುಮ್ಮನೆ ಅತ್ತಿತ್ತ ತಿರುವಿದ.

ಎದುರಿನ ಬೆಂಚುಗಳ ಮೇಲೆ ಊರಿನ ದೊಡ್ಡ ಮನುಷ್ಯರು ಕೆಮ್ಮುತ್ತ ಕೂತಿದ್ದರು. ಯಾವನೋ ಜಮೀನುದಾರ ಸಾಯುವಾಗ ಉಯಿಲಿನಲ್ಲಿ ಬರೆದಿಟ್ಟುಹೋದ ಉಪನ್ಯಾಸವದು. ವರ್ಷಕ್ಕೊಮ್ಮೆ ಒಬ್ಬ ಪಾದ್ರಿ ದೇಹದ ಒಂದು ಅಂಗವನ್ನು ಹಿಡಿದು, ಇಷ್ಟು ಜಾಣತನದ ಕೆಲಸಕ್ಕೆ ಕೆಲಸಗಾರನೊಬ್ಬ ಇರಲೇಬೇಕು, ಅವನೇ ದೇವರು ಎಂದು ರುಜುವಾತು ಮಾಡಬೇಕು. ಆಮೇಲೆ ಎಲ್ಲರಿಗೂ ಕುರಿಮಾಂಸದ ಊಟ. ಹೋದ ವರ್ಷ ಕಣ್ಣು ಆಗಿತ್ತು, ಅದರ ಹಿಂದಿನ ವರ್ಷ ಮೊಣಕಾಲು. ಈ ಸಲ ಬಾಯಿ. ಆರಿಸಿದವರು ಹಿರಿಯ ಪಾದ್ರಿ ಕ್ರೌಹರ್ಸ್ಟ್. ತಮ್ಮ ಕೈಕೆಳಗಿನ ಆಂಬ್ರೋಸ್ ಥರ್ಲೋನ ಮೊದಲ ಮಗು ಸತ್ತದ್ದು ಬಾಯಿಯಿಂದಲೇ ಎಂಬುದು ಅವರಿಗೆ ಮರೆತೇಹೋಗಿತ್ತು. ನೆನಪಿದ್ದರೆ ಬೇರೆ ಅಂಗ ಕೊಡುತ್ತಿದ್ದರು, ಒಳ್ಳೆಯ ಮನುಷ್ಯ.

ಆ ಮಗುವಿನ ತುಟಿ ಮೂಗಿನವರೆಗೆ ಸೀಳಿತ್ತು, ಒಳಗೆ ಅಂಗುಳವೂ ಸೀಳಿತ್ತು. ಮೊಲೆ ಚೀಪಲಾಗದೆ, ಚಮಚದಲ್ಲಿ ಹಾಕಿದ ಹಾಲೆಲ್ಲ ಮೂಗಿನಿಂದ ಹೊರಬಂದು, ಅದು ಹಸಿವಿನಿಂದ ಸತ್ತಿತು. ಹೆಸರಿಟ್ಟು ತಲೆಗೆ ದೀಕ್ಷಾಸ್ನಾನದ ನೀರು ಹಾಕಿದವನೂ ಮಣ್ಣಿಗಿಟ್ಟವನೂ ಆಂಬ್ರೋಸನೇ.

ಈಗ ಎರಡು ಹೊಲದಾಚೆಯ ಮನೆಯಲ್ಲಿ ಅವನ ಹೆಂಡತಿ ಫೀಬಿ ಎರಡನೆಯ ಸಲ ನೋವು ತಿನ್ನುತ್ತಿದ್ದಳು.

“ಬಾಯಿಯ ಮಾಳಿಗೆ,” ಎಂದು ಮತ್ತೆ ಶುರುಮಾಡಿದ. “ಎಡದಿಂದ ಒಂದು ಮೂಳೆ, ಬಲದಿಂದ ಒಂದು ಮೂಳೆ ಬೆಳೆಯುತ್ತ ಬಂದು ನಟ್ಟನಡುವೆ ಕೂಡಿಕೊಳ್ಳುತ್ತವೆ. ಅದೂ ತಾಯಿಯ ಹೊಟ್ಟೆಯ ಕತ್ತಲಲ್ಲಿ. ಒಂದನ್ನೊಂದು ಅರಿಯದ ಈ ಎರಡಕ್ಕೂ ಅಲ್ಲೇ ಭೇಟಿಯಾಗಿ ಎಂದು ಗೊತ್ತುಮಾಡಿದವರು ಯಾರು?”

ಜನ ತಲೆದೂಗಿದರು. ಭೇಟಿ ತಪ್ಪಿಸಿದವರು ಯಾರೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ, ದೇವರ ಉದ್ದೇಶ ನಮ್ಮ ಬುದ್ಧಿಗೆ ಮೀರಿದ್ದು ಎಂದು ಕೇಂಬ್ರಿಡ್ಜಿನಲ್ಲಿ ಕಲಿತ ಉತ್ತರವೊಂದು ಅವನ ಹತ್ತಿರ ಸಿದ್ಧವಾಗಿತ್ತು. ಆ ಉತ್ತರ ಅವನಿಗೇ ಹೇಸಿಗೆ ಹುಟ್ಟಿಸುತ್ತಿತ್ತು.

ಮಾತಾಡುತ್ತಲೇ ಅವನಿಗೆ ನೆನಪಾದದ್ದು ಮೊಲ. ಬಸುರಿಗೆ ಮೊಲ ಅಡ್ಡ ಬಂದರೆ ಮಗುವಿಗೆ ಮೊಲದ ಸೀಳುತುಟಿಯೇ ಬರುತ್ತದೆ, ಆ ಗಳಿಗೆಯಲ್ಲೇ ಅವಳ ಲಂಗದ ಅಂಚನ್ನು ಹರಿದರೆ ದೋಷ ಬಟ್ಟೆಗೆ ಹೋಗುತ್ತದೆ ಎಂಬುದು ಆ ಕಡೆಯ ಹೆಂಗಸರ ಶಾಸ್ತ್ರ. ಮೊದಲ ಬಸುರಿನಲ್ಲಿ ಫೀಬಿ ಹರಿಯಹೋದಾಗ ಆಂಬ್ರೋಸ್ ಅವಳ ಕೈ ಹಿಡಿದು ನಕ್ಕಿದ್ದ. ಈ ವಸಂತದಲ್ಲಿ ಕಾಲುವೆಯ ದಂಡೆಯ ಮೇಲೆ ಮತ್ತೆ ಮೊಲ ಹಾದಾಗ ಅವಳು ಅಲುಗದೆ ನಿಂತಳು. ಮಂಡಿಯೂರಿ ಲಂಗವನ್ನು ಹರಿದವನು ಅವನು. ಇಬ್ಬರೂ ಆ ಮಾತನ್ನು ಮತ್ತೆ ಎತ್ತಲಿಲ್ಲ.

ಚಪ್ಪಾಳೆ ಬಿತ್ತು. ಕ್ರೌಹರ್ಸ್ಟ್ ಬಂದು ಬೆನ್ನು ತಟ್ಟಿದರು.

“ಭೇಷ್ ಕಣಯ್ಯಾ ಥರ್ಲೋ! ನಾಸ್ತಿಕರು ಉಸಿರೆತ್ತೋ ಹಾಗಿಲ್ಲ. ಎಲ್ಲಿಗೆ ಹೊರಟೆ? ಊಟ?”

“ಮನೇಗೆ ಹೋಗ್ಬೇಕು ಸರ್. ಫೀಬಿ...”

“ಓ, ಹೌದಲ್ವಾ! ಚಿಂತೆ ಮಾಡ್ಬೇಡ. ಎಲ್ಲಾ ಅವನ ಕೈಲಿದೆ.”

“ಅದಕ್ಕೇ ಸರ್, ಬೇಗ ಹೋಗ್ಬೇಕು,” ಎಂದ ಆಂಬ್ರೋಸ್.

ಹೊಲದ ಕೆಸರಿನಲ್ಲಿ ಅವನು ಓಡಿದ. ಬಾಗಿಲು ತೆಗೆಯುವಾಗಲೇ ಅಳು ಕೇಳಿಸಿತು. ಮೊದಲ ಮಗುವಿನ ಅಳುವಿನಂತೆ ಅದರಲ್ಲೂ ಗಾಳಿ ಸೋರುತ್ತಿದೆಯೇ ಎಂದು ಕಿವಿಗೊಟ್ಟ. ಸೂಲಗಿತ್ತಿ ಡ್ಯಾಗೆಟ್ ಬಿಯರಿನ ಲೋಟ ಹಿಡಿದು ಮೆಟ್ಟಿಲಿಳಿದು ಬರುತ್ತಿದ್ದಳು.

“ಬಾಯಿ?” ಎಂದ.

“ಹೆಣ್ಣುಮಗು, ಅಯ್ನೋರೇ.”

“ಬಾಯಿ ಹೇಗಿದೆ, ಅಮ್ಮಾ?”

“ಗಂಡೋ ಹೆಣ್ಣೋ ಅಂತಾನಾದ್ರೂ ಕೇಳ್ಬಾರ್ದಾ! ಮೊಗ್ಗಿನಂಗೈತೆ ತುಟಿ. ಅಮ್ಮಾವ್ರು ಜಾಣೆ, ಹೊತ್ತಿಗೆ ಸರಿಯಾಗಿ ಲಂಗ ಹರಿದವ್ರೆ, ಹರಿದ ಅಂಚು ನಾನು ನೋಡ್ದೆ. ನಿಮ್ಮ ಪುಸ್ತಕ ನೆಚ್ಕೊಂಡಿದ್ರೆ ಆಗಿತ್ತು ಗತಿ.”

“ಹೌದು,” ಎಂದ. “ಜಾಣೆ.”

ಮೆಟ್ಟಿಲ ಮೇಲೆಯೇ ಕೂತ. ನಗು ಬಂತು, ಮೂಗು ಸೋರಿತು. ಇಷ್ಟು ಹಗುರಾಗಿ ಎಷ್ಟು ಕಾಲವಾಗಿತ್ತೋ. ಅಭ್ಯಾಸಬಲದಿಂದ ಕೈಗಳು ಜೋಡಿಕೊಂಡವು. ಆದರೆ ಈ ತುಟಿಗೆ ದೇವರನ್ನು ಹೊಗಳಿದರೆ ಸತ್ತ ಮಗುವಿನ ಆ ತುಟಿಗೂ ಅವನನ್ನೇ ಲೆಕ್ಕ ಕೇಳಬೇಕಾಗುತ್ತದೆ. ಮೊಲಕ್ಕೆ ಕೈಮುಗಿಯುವುದಂತೂ ಸಾಧ್ಯವಿಲ್ಲ. ಸಂತೋಷವನ್ನು ಯಾರಿಗೆ ಒಪ್ಪಿಸುವುದೆಂದು ತಿಳಿಯದೆ ಕೈ ಬಿಡಿಸಿಕೊಂಡು ಮೇಲೆ ಹೋದ.

ಫೀಬಿಯ ಕೂದಲು ಹಣೆಗೆ ಅಂಟಿತ್ತು. ಮಗು ಪಕ್ಕದಲ್ಲಿತ್ತು.

“ನೋಡಿದ್ರಾ?”

“ನೋಡ್ತಿದೀನಲ್ಲ. ತುಟಿ ಎಷ್ಟು ಚೆನ್ನಾಗಿದೆ!”

“ತುಟಿ ಅಲ್ಲ ರೀ. ಒಳಗೆ. ತುಟಿ ಕೂಡಿದ್ರೂ ಒಳಗೆ ಸೀಳಿರುತ್ತಂತೆ. ನಂಗೆ ಧೈರ್ಯ ಬರ್ಲಿಲ್ಲ, ಇನ್ನೂ ಎದೆಗೂ ಹಾಕ್ಕೊಂಡಿಲ್ಲ.”

ಅವನು ಬೋಗುಣಿಯಲ್ಲಿ ಕೈ ತೊಳೆದು, ಒರೆಸಿ, ಹಾಸಿಗೆಯ ಅಂಚಿನಲ್ಲಿ ಕೂತು ಕಿರುಬೆರಳನ್ನು ಮಗುವಿನ ಬಾಯೊಳಗಿಟ್ಟ. ಬೆಚ್ಚಗಿತ್ತು. ಮೇಲೆ ನಯವಾದ ಕಮಾನು. ಬೆರಳನ್ನು ನಿಧಾನವಾಗಿ ಹಿಂದಕ್ಕೆ ಸರಿಸಿದ, ಇನ್ನೂ ಹಿಂದಕ್ಕೆ. ಎಲ್ಲಿಯೂ ಬಿರುಕಿಲ್ಲ.

“ಕೂಡಿದೆ,” ಎಂದ. “ಪೂರ್ತಿ ಕೂಡಿದೆ ಕಣೇ.”

ಫೀಬಿ ಬಿಕ್ಕಿ ಬಿಕ್ಕಿ ಅತ್ತಳು. ಸಮಾಧಾನ ಅವಳನ್ನು ಹೊಡೆದು ಕೆಡವಿದಂತೆ, ಅಳುತ್ತಳುತ್ತಲೇ ನಿದ್ದೆಹೋದಳು.

ಬೆರಳು ತೆಗೆಯಲು ಹೋದ. ಅಷ್ಟರಲ್ಲಿ ಮಗು ತುಟಿ ಬಿಗಿದು ಚೀಪತೊಡಗಿತ್ತು. ಎಳೆಯುವುದು, ನುಂಗುವುದು, ಉಸಿರು ಬಿಡುವುದು, ಎಲ್ಲ ಅವನು ಉಪನ್ಯಾಸದಲ್ಲಿ ವರ್ಣಿಸಿದಂತೆಯೇ ಒಂದಿಷ್ಟೂ ತಪ್ಪದೆ ನಡೆದಿತ್ತು. ಹಾಲೇನೂ ಬರದಿದ್ದರೂ ಅದಕ್ಕೆ ಅನುಮಾನ ಬಂದಂತೆ ಕಾಣಲಿಲ್ಲ. ಕಣ್ಣು ಮುಚ್ಚಿ, ಮುಷ್ಟಿ ಬಿಗಿದು, ಅದು ಆ ಒಣ ಬೆರಳನ್ನು ಇನ್ನೂ ಜೋರಾಗಿ ಎಳೆಯಿತು. ಹೊರಗೆಳೆದುಕೊಳ್ಳಲು ಮನಸ್ಸಾಗದೆ ಆಂಬ್ರೋಸ್ ಹಾಗೆಯೇ ಕೂತಿದ್ದ.