ಮೂರು ಟಿವಿಗಳಲ್ಲಿ ಅಂದಪ್ಪ

ಆಷಾಢ ಏಕಾದಶಿಯ ಬೆಳಗ್ಗೆ ಬೆಟಗೇರಿಯ ನೇಕಾರ ಓಣಿಯ ಸಮುದಾಯ ಭವನದಲ್ಲಿ ಮೂರು ಟಿವಿಗಳನ್ನು ಒಂದೇ ಸಾಲಿನಲ್ಲಿ ಇಟ್ಟಿದ್ದರು. ಮೂರೂ ಒಂದೇ ಅಳತೆಯವು, ಒಂದೇ ಅಂಗಡಿಯಿಂದ ತಂದವು. ಎಡಗಡೆಯದಕ್ಕೆ ಪ್ರಭುಲಿಂಗನ ಕೇಬಲ್, ನಡುವಿನದಕ್ಕೆ ಆನಂದನ ಡಿಶ್, ಬಲಗಡೆಯದಕ್ಕೆ ಅಯ್ಯೂಬನ ಫೈಬರ್.

ಇದು ಓಣಿಯ ಹಿರಿಯ ರಾಮಪ್ಪನ ತೀರ್ಮಾನ. ಎರಡು ತಿಂಗಳಿಂದ ಈ ಮೂವರ ಕಾಟಕ್ಕೆ ಓಣಿ ಬೇಸತ್ತುಹೋಗಿತ್ತು. ಒಬ್ಬ ಎಳೆದ ವೈರು ಮರುದಿನ ತುಂಡಾಗಿ ನೇತಾಡುತ್ತಿತ್ತು. ಯಾರು ಕತ್ತರಿಸಿದರೆಂದು ಜಗಳ ಶುರುವಾಗಿ ಹೆಂಗಸರು ನೀರು ತುಂಬುವುದನ್ನು ಬಿಟ್ಟು ಬಾಗಿಲಿಗೆ ಬರುತ್ತಿದ್ದರು. ಕೊನೆಗೆ ರಾಮಪ್ಪ ಮೂವರನ್ನೂ ಕರೆಸಿ, "ಬಾಯಿ ಮಾಡೂದು ಸಾಕು. ಏಕಾದಶಿ ದಿನ ಪಂಢರಾಪುರದ್ದು ನೇರ ತೋರಸ್ತಾರಲ್ಲ, ಅದನ್ನ ಮೂರೂ ಟಿವಿಯಾಗ ಹಚ್ರಿ. ಮಂದಿ ನೋಡ್ಲಿ. ಯಾರದು ಚೊಲೊ ಕಾಣ್ತೈತೋ ಅವರದ ಓಣಿ ತುಂಬ," ಎಂದಿದ್ದ.

ಪ್ರಭುಲಿಂಗನಿಗೆ ಐವತ್ತನಾಲ್ಕು ವರ್ಷ. ಇಪ್ಪತ್ತಾರು ವರ್ಷಗಳ ಹಿಂದೆ ಮಗ್ಗ ಬಿಟ್ಟು, ಮಾಳಿಗೆಯ ಮೇಲೆ ದೊಡ್ಡ ಆಂಟೆನಾ ಛತ್ರಿ ಕೂರಿಸಿ, ಓಣಿಗೆಲ್ಲ ಕೇಬಲ್ ಕೊಟ್ಟವನು ಅವನೇ. ಎಚ್‌ಡಿ ಎಂಬ ಮಾತೇ ಅವನಿಗೆ ಆಗಿಬರುತ್ತಿರಲಿಲ್ಲ. "ಮಾರಿ ಗುರ್ತು ಹತ್ತಿದ್ರ ಸಾಕು. ಮಾರಿ ಮ್ಯಾಲಿನ ಕೂದ್ಲ ಎಣಿಸಿ ಏನ್ ಮಾಡೂದೈತಿ?" ಎನ್ನುತ್ತಿದ್ದ.

ಬೆಳಗ್ಗೆ ಒಂಬತ್ತಕ್ಕೆಲ್ಲ ಭವನ ತುಂಬಿತು. ಪ್ರಭುಲಿಂಗನ ಅತ್ತಿಗೆ ಮಲ್ಲವ್ವ ಹೆಂಗಸರ ಮುಂದಿನ ಸಾಲಿನಲ್ಲಿ, ಬರಿ ಹಣೆ ಬರಿ ಕೈಯಲ್ಲಿ ಕೂತಿದ್ದಳು. ಅವಳ ಗಂಡ ಅಂದಪ್ಪ, ಅಂದರೆ ಪ್ರಭುಲಿಂಗನ ಅಣ್ಣ, ಹನ್ನೊಂದು ವರ್ಷಗಳ ಹಿಂದೆ ಕೊನೆಯ ಮಗ್ಗವನ್ನೂ ಮಾರಿದ ವಾರದಲ್ಲಿ ಮನೆ ಬಿಟ್ಟು ಹೋಗಿದ್ದ. ಎರಡು ತಿಂಗಳ ಮೇಲೆ ಮುಂಡರಗಿ ಕಡೆ, ಕೊರ್ಲಹಳ್ಳಿಯ ಹೊಳೆದಂಡೆಯಲ್ಲಿ ಒಂದು ಹೆಣ ಸಿಕ್ಕಿತ್ತು. ಪ್ರಭುಲಿಂಗ ಹೋಗಿ ನೋಡಿ, ಅಣ್ಣನೇ ಎಂದು ಬರೆದುಕೊಟ್ಟು, ಬೆಟಗೇರಿಗೆ ತಂದು ಮಣ್ಣು ಮಾಡಿಸಿದ್ದ.

ಹೊರಗೆ ಜಿಟಿಜಿಟಿ ಮಳೆ. ಟಿವಿಗಳಲ್ಲಿ ಪಂಢರಾಪುರದ ಚಂದ್ರಭಾಗೆಯ ದಂಡೆ, ಪತಾಕೆಗಳು, ಭಜನೆ ಮಾಡುತ್ತ ಸಾಗುವ ಉದ್ದಾನುದ್ದ ದಿಂಡಿ. ಚಾನೆಲ್ ಒಂದೇ ಆದರೂ ಮೂರರಲ್ಲೂ ಚಿತ್ರ ಒಂದೇ ಹೊತ್ತಿಗೆ ಬರುತ್ತಿರಲಿಲ್ಲ. ಕೇಬಲ್‌ನಲ್ಲಿ ಮೊದಲು, ಎರಡು ಮೂರು ಸೆಕೆಂಡಿನ ಮೇಲೆ ಡಿಶ್‌ನಲ್ಲಿ, ಇನ್ನಷ್ಟು ತಡೆದು ಫೈಬರ್‌ನಲ್ಲಿ.

"ನೋಡ್ರಿ, ನಂದ ಮೊದಲು ಬಂತು!" ಎಂದು ಪ್ರಭುಲಿಂಗ ಕೈ ಎತ್ತಿ ಹೇಳಿದ.

"ತಡಾ ಬಂದ್ರೂ ಹೆಂಗ ಬರ್ತೈತಿ ನೋಡ್ರಿ ಕಾಕಾ," ಎಂದು ಅಯ್ಯೂಬ ನಕ್ಕ. ಮೂವತ್ತರ ಹುಡುಗ. ಅವನ ಟಿವಿಯಲ್ಲಿ ನಡೆದು ಬಂದ ವಾರಕರಿಗಳ ಹಣೆಯ ಗಂಧದ ಗೆರೆ, ತಾಳದ ಹಗ್ಗದ ಎಳೆ ಎಲ್ಲ ಬೇರೆಬೇರೆಯಾಗಿ ಕಾಣುತ್ತಿದ್ದವು. ಜನ ಮೆಲ್ಲಗೆ ಬಲಗಡೆಗೆ ಸರಿಯತೊಡಗಿದ್ದನ್ನು ಪ್ರಭುಲಿಂಗ ನೋಡಿದ.

ಆಗ ಕ್ಯಾಮೆರಾ ದಿಂಡಿಯನ್ನು ಬಿಟ್ಟು, ಒಂದು ಮಠದ ಮುಂದೆ ನೀರು ಕೊಡುತ್ತಿದ್ದವರ ಕಡೆಗೆ ತಿರುಗಿತು. ಪ್ರಭುಲಿಂಗನ ಟಿವಿಯಲ್ಲಿ ಬಿಳಿ ಗಡ್ಡದ ಒಬ್ಬ ಮನುಷ್ಯ ತಂಬಿಗೆ ಎತ್ತಿ ಯಾರದೋ ಬೊಗಸೆಗೆ ನೀರು ಸುರಿದು, ಈ ಕಡೆ ನೋಡಿದ. ಮಸುಕಾದ ಮುಖ. ಅಷ್ಟರಲ್ಲೇ ಮಲ್ಲವ್ವ ಎದ್ದು ನಿಂತಳು.

"ಕುಂಡ್ರ ಬೇ, ಹಿಂದಿನವ್ರಿಗೆ ಕಾಣಂಗಿಲ್ಲ," ಎಂದು ಯಾರೋ ಕೂಗಿದರು. ಅವಳಿಗೆ ಕೇಳಿಸಲಿಲ್ಲ.

ನಡುವಿನ ಟಿವಿಯಲ್ಲಿ ಅದೇ ಮನುಷ್ಯ ಮತ್ತೆ ತಂಬಿಗೆ ಎತ್ತಿದ. ಮುಖ ತಿರುಗಿಸುವಷ್ಟರಲ್ಲಿ, ಮೋಡ ದಟ್ಟವಾಗಿತ್ತೇನೋ, ಡಿಶ್‌ನ ಚಿತ್ರ ಚೌಕಚೌಕವಾಗಿ ಒಡೆದು ನಿಂತುಬಿಟ್ಟಿತು. ಆನಂದ ಹಲ್ಲು ಕಚ್ಚಿ ಛತ್ರಿ ನೋಡಲು ಹೊರಗೆ ಓಡಿದ. ಮಲ್ಲವ್ವ ಎರಡು ಹೆಜ್ಜೆ ಬಲಕ್ಕೆ ಸರಿದು ಅಯ್ಯೂಬನ ಟಿವಿಯ ಮುಂದೆ ನಿಂತಳು. ಅಲ್ಲಿ ಆ ಮನುಷ್ಯ ಮೂರನೆಯ ಸಲ ತಂಬಿಗೆ ಎತ್ತಿದ. ನೀರಿನ ಧಾರೆ ಹೊಳೆಯಿತು. ಮುಖ ತಿರುಗಿತು. ಎಡಗಿವಿಯ ಕೆಳತುದಿ ಇರಲಿಲ್ಲ. ಅಂದಪ್ಪ ಸಣ್ಣವನಿದ್ದಾಗ ನಾಯಿ ಕಚ್ಚಿ ಹರಿದ ಕಿವಿ ಅದು.

ಮಲ್ಲವ್ವನ ಕೈ ತಾನಾಗಿಯೇ ಬರಿ ಹಣೆಯನ್ನು ಮುಟ್ಟಿಕೊಂಡಿತು.

ತಾನು ಕಂಡದ್ದು ಸುಳ್ಳಾಗಲಿ ಎಂದು ಒಂದು ಕ್ಷಣ, ಒಂದೇ ಕ್ಷಣ, ಪ್ರಭುಲಿಂಗನಿಗೆ ಅನಿಸಿತು. ಹಾಗನಿಸಿದ್ದಕ್ಕೆ ನಾಚಿಕೊಂಡ.

"ಅಯ್ಯೂಬ, ಅದನ್ನ... ಮತ್ತೊಮ್ಮೆ ತೋರಸಾಕ ಬರ್ತೈತೇನೋ?" ಎಂದು ಕೇಳಿದ.

"ಬರ್ತೈತ್ರಿ ಕಾಕಾ." ಅಯ್ಯೂಬ ರಿಮೋಟ್ ಒತ್ತಿ ಚಿತ್ರವನ್ನು ಹಿಂದಕ್ಕೆ ಒಯ್ದು, ಮುಖದ ಮೇಲೆ ನಿಲ್ಲಿಸಿದ. ಅಂದಪ್ಪನ ಜೊತೆ ಮಗ್ಗ ನೇಯ್ದ ಮುದುಕರು ಒಬ್ಬೊಬ್ಬರಾಗಿ ಹತ್ತಿರ ಬಂದು ನೋಡಿದರು. ರಾಮಪ್ಪ ಕನ್ನಡಕ ಒರೆಸಿಕೊಂಡು ನೋಡಿ, "ಅಂದಪ್ಪನ ಅದಾನ," ಎಂದು ಅಲ್ಲೇ ನೆಲಕ್ಕೆ ಕುಸಿದು ಕೂತ. "ಖರೇನ ಅಂದಪ್ಪನ. ಅಂವನ ಹೆಣಕ್ಕ ನಾನ ಹೆಗಲು ಕೊಟ್ಟೀನಲ್ಲೋ!"

ಮಲ್ಲವ್ವ ಆಗ ತಿರುಗಿದಳು. ಮೈದುನನನ್ನು ಅವಳು ಎಂದೂ ಹಾಗೆ ನೋಡಿರಲಿಲ್ಲ.

"ಅವತ್ತ ನಾನೂ ಬರ್ತೀನಿ ಅಂದೆ. 'ಬ್ಯಾಡ ವೈನಿ, ನೋಡುವಂಗಿಲ್ಲ' ಅಂದಿ. ನೀ ನೋಡಿದ್ದಿ. ಯಾರನ್ನ ನೋಡಿ ಬಂದ್ಯೋ ಪ್ರಭು?"

ಪ್ರಭುಲಿಂಗ ತನ್ನ ಟಿವಿಯನ್ನು ಆರಿಸಿದ.

ಮರುದಿನ ಬೆಳಗಿನಲ್ಲೇ ಅಯ್ಯೂಬ ತನ್ನ ಕಾರು ತಂದು ಮನೆಯ ಮುಂದೆ ನಿಲ್ಲಿಸಿದ. ಯಾರೂ ಕೇಳಿರಲಿಲ್ಲ. "ಟಿವಿಯಾಗಿನ ಫೋಟೋ ನನ್ನ ಮೊಬೈಲ್‌ನ್ಯಾಗ ಐತಿ. ಕುಂಡ್ರಿ," ಎಂದಷ್ಟೇ ಹೇಳಿದ. ಪ್ರಭುಲಿಂಗ ಅವನ ಪಕ್ಕ ಕೂತ. ದಾರಿಯುದ್ದಕ್ಕೂ ಮಲ್ಲವ್ವ ಹಿಂದಿನ ಸೀಟಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಿದ್ದಳು. ವಿಜಯಪುರ ದಾಟಿದ ಮೇಲೆ ಒಂದೇ ಮಾತು ಆಡಿದಳು: "ಅಂವ ಬದುಕಿದ್ರ ಹನ್ನೊಂದು ವರ್ಷ ನಾ ಏನಾಗಿದ್ದೆ?"

ಪಂಢರಾಪುರದಲ್ಲಿ ಫೋಟೋ ಹಿಡಿದು ಅರ್ಧ ದಿನ ಅಲೆದರು. ಕರ್ನಾಟಕದ ಭಕ್ತರು ಇಳಿದುಕೊಳ್ಳುವ ಒಂದು ಮಠದ ಹಿತ್ತಿಲಲ್ಲಿ ಅವನು ಸಿಕ್ಕ. ಸೊಂಟದೆತ್ತರದ ಹಂಡೆಯೊಳಗೆ ಬಗ್ಗಿ ಬೂದಿ ಹಚ್ಚಿ ಉಜ್ಜುತ್ತಿದ್ದ. ಅಯ್ಯೂಬ "ಅಂದಪ್ಪಣ್ಣ" ಎಂದಾಗ ಉಜ್ಜುವ ಸದ್ದು ನಿಂತಿತು. ತಲೆ ಮೇಲೆತ್ತಿ ಹೆಂಡತಿಯನ್ನು ಕಂಡ. ಕೈಯಲ್ಲಿದ್ದ ತೆಂಗಿನ ನಾರು ಕೆಳಗೆ ಬಿತ್ತು.

"ಒಂದು ಫೋನ್ ಮಾಡಾಕ ಆಗ್ಲಿಲ್ಲೇನು?" ಮಲ್ಲವ್ವ ಕೇಳಿದಳು. "ಜೀವಂತ ಅದೀನಿ ಅಂತ ಒಂದ ಮಾತು?"

ಅಂದಪ್ಪ ಕೈಯ ಬೂದಿ ತೊಳೆದುಕೊಂಡ. ಆಮೇಲೆ ನಿಧಾನಕ್ಕೆ ಹೇಳಿದ. ಮಗ್ಗವಿಲ್ಲದ ಮನೆಯಲ್ಲಿ ಹಗಲು ಕಳೆಯಲಾಗದೆ ಹೋದದ್ದು ಖರೆ. ನಾಲ್ಕು ದಿನ ಪಂಢರಾಪುರದಲ್ಲಿ ಇದ್ದು ಬರೋಣವೆಂದು ಹೋದವನು ವರ್ಷ ಕಳೆದ. ವರ್ಷದ ಮೇಲೆ ತಡೆಯಲಾಗದೆ ಬೆಟಗೇರಿಗೆ ಬಂದಿದ್ದ.

"ಬಂದಿದ್ದಿ?" ಪ್ರಭುಲಿಂಗನ ಬಾಯಿಂದ ಮಾತು ತಾನಾಗಿ ಬಂತು.

"ಬಂದಿದ್ನೋ ತಮ್ಮ. ಬಸ್ ಇಳದೆ. ಎದುರಿಗೆ ಕಂಬಕ್ಕ ದೊಡ್ಡ ಬ್ಯಾನರ್ ಕಟ್ಟಿತ್ತು. ನನ್ನ ಫೋಟೋ, ಹೂವಿನ ಹಾರ. 'ಪ್ರಥಮ ಪುಣ್ಯಸ್ಮರಣೆ' ಅಂತ. ಕೆಳಗ ನಿನ್ನ ಹೆಸರು, ನಿಮ್ಮ ವೈನಿ ಹೆಸರು, ಓಣಿಯವರ ಹೆಸರು. ಮನ್ಯಾಗ ನಾ ಸತ್ತು ವರ್ಷ ಆಗೇತಿ ಅಂತ ಗೊತ್ತಾತು. ಅತ್ತು ಮುಗಿಸಿದ ಮನಿಗೆ ಹೆಂಗ ಬರ್ಲಿ? ಕಾಲ ಬರಲಿಲ್ಲ. ಅದ ಬಸ್ಸಿಗೆ ತಿರುಗಿ ಹತ್ತಿದೆ."

ಆ ಬ್ಯಾನರ್ ಮಾಡಿಸಿದವನು ಪ್ರಭುಲಿಂಗ. ಎಲ್ಲರಿಗೂ ಕಾಣಲಿ ಎಂದು ಬಸ್ ನಿಲ್ಲುವ ಜಾಗದಲ್ಲೇ, ತನ್ನ ಕೇಬಲ್ ಕಂಬಕ್ಕೆ ಕಟ್ಟಿಸಿದ್ದ. ಅವನು ಹಿತ್ತಿಲ ಕಲ್ಲಿನ ಮೇಲೆ ಕೂತ.

"ನೀವಿಬ್ರೂ ಹೊರಗ ನಡೀರಿ," ಎಂದಳು ಮಲ್ಲವ್ವ. ಪ್ರಭುಲಿಂಗ, ಅಯ್ಯೂಬ ಹೊರಗೆ ಬಂದು ಬಾಗಿಲಲ್ಲಿ ಕಾದರು. ಒಳಗೆ ಮೊದಲು ಅವಳ ಬೈಗುಳ ಕೇಳಿಸಿತು, ಆಮೇಲೆ ಅಳು, ಆಮೇಲೆ ಏನೂ ಇಲ್ಲ. ಒಂದು ತಾಸಿನ ಮೇಲೆ ಇಬ್ಬರೂ ಹೊರಗೆ ಬಂದರು. ಅಂದಪ್ಪನ ಹೆಗಲಲ್ಲಿ ಬಟ್ಟೆಯ ಗಂಟಿತ್ತು.

ಬೆಟಗೇರಿಯಲ್ಲಿ ಜನ ಅವನನ್ನು ಮುಟ್ಟಿಮುಟ್ಟಿ ನೋಡಿದರು. ಕೆಲವರು ನಕ್ಕರು, ಕೆಲವರು ಕಣ್ಣೊರೆಸಿಕೊಂಡರು. ಮಲ್ಲವ್ವ ಗಂಡನಿಗೆ ತಾಟು ಹಾಕಿ ಬಡಿಸಿದಳು. ಆದರೆ ಅವನೊಡನೆ ಮೊದಲಿನಂತೆ ಮಾತಾಡಲು ಅವಳಿಗೆ ತಿಂಗಳೇ ಬೇಕಾಯಿತು.

ನಾಲ್ಕನೆಯ ದಿನ ಪ್ರಭುಲಿಂಗ ಅಣ್ಣನ ಮುಂದೆ ಕೂತು ಎಲ್ಲ ಬಿಚ್ಚಿ ಹೇಳಿದ. ಆ ಹೆಣದ ಮುಖ, ಕಿವಿಗಳನ್ನು ಮೀನು ತಿಂದಿದ್ದವು. ಎತ್ತರ, ಮೈಕಟ್ಟು, ಬಿಳಿ ಅಂಗಿ ಅಣ್ಣನ ಹಾಗೆಯೇ ಇದ್ದವು. ಆದರೆ ಬಲಗಾಲಿನ ಎರಡು ಬೆರಳು ಒಂದಕ್ಕೊಂದು ಕೂಡಿಕೊಂಡಿದ್ದವು.

"ಅದನ್ನ ನೋಡಿದೆ ಅಣ್ಣ. ನಿನ್ನ ಕಾಲು ಹಂಗಿಲ್ಲ ಅಂತ ನನಗ ಗೊತ್ತಿತ್ತು. ನೀರಾಗ ಬಾತು ಹಂಗ ಆಗಿರಬೇಕು ಅಂತ ಮನಸಿಗೆ ಹೇಳ್ಕೊಂಡೆ. ಎರಡು ತಿಂಗಳು ಹುಡುಕಿ ಸಾಕಾಗಿತ್ತು. ವೈನಿ ದಿನಾ ಬಾಗಿಲಾಗ ನಿಂತು 'ಏನರೆ ಖಬರ ಬಂತೇನು' ಅಂತ ಕೇಳ್ತಿದ್ಲು. ಮುಗದ್ರ ಸಾಕು ಅನಿಸಿತ್ತು."

ಅಂದಪ್ಪ ತಮ್ಮನನ್ನು ಬೈಯಲಿಲ್ಲ. "ಹಂಗಾರ ಅಂವ ಯಾರು?" ಎಂದು ಕೇಳಿದ. "ಅಂವಗೂ ಯಾರೋ ಬಾಗಿಲಾಗ ನಿಂತಿರತಾರಲ್ಲ."

ಇಬ್ಬರೂ ಮುಂಡರಗಿ ಠಾಣೆಗೆ ಹೋದರು. ಸತ್ತವನೆಂದು ಬರೆಸಿದವನೇ ಬಂದು ಕುರ್ಚಿಯಲ್ಲಿ ಕೂತದ್ದನ್ನು ನೋಡಿ ಪೊಲೀಸರು ದಂಗಾದರು. ಹಳೆಯ ಕಾಗದಗಳನ್ನು ತೆಗೆಸಿ ನೋಡಿದಾಗ, ಹೆಣ ಸಿಕ್ಕ ತಿಂಗಳಲ್ಲೇ ಡೋಣಿ ಎಂಬ ಹಳ್ಳಿಯ ಹುಲಗಪ್ಪನೆಂಬವನು ಕಾಣೆಯಾದ ದೂರು ಸಿಕ್ಕಿತು. ಹೊಳೆಯಾಚೆ ಎತ್ತು ಕೊಳ್ಳಲು ಹೋದವನು ತಿರುಗಿ ಬಂದಿರಲಿಲ್ಲ. ಗುರುತಿನ ಕಡೆ ಒಂದೇ ಸಾಲು: ಬಲಗಾಲಿನ ಎರಡು ಬೆರಳು ಕೂಡಿವೆ.

ಪ್ರಭುಲಿಂಗ ಆ ಸಾಲನ್ನು ಎರಡು ಸಲ ಓದಿದ. ಹೆಣವನ್ನು ಅವನು 'ನಮ್ಮವನು' ಎಂದು ಒಪ್ಪಿಕೊಂಡಿದ್ದರಿಂದ ಆ ದೂರನ್ನು ಇದರ ಜೊತೆ ಹೋಲಿಸಿ ನೋಡುವ ಪ್ರಸಂಗವೇ ಬಂದಿರಲಿಲ್ಲ.

ಪ್ರಭುಲಿಂಗ ಡೋಣಿಗೆ ಹೋದಾಗ ಹುಲಗಪ್ಪನ ಹೆಂಡತಿ ಉಡಚವ್ವ ಅಂಗಳದಲ್ಲಿ ಶೇಂಗಾ ಒಡೆಯುತ್ತಿದ್ದಳು. ಹಣೆಯಲ್ಲಿ ಕಾಸಿನಗಲದ ಕುಂಕುಮ, ಕೈತುಂಬ ಹಸಿರು ಬಳೆ. ಅದನ್ನು ನೋಡಿದ ಕೂಡಲೇ ಪ್ರಭುಲಿಂಗ ಅಂಗಳದಾಚೆಯೇ ನಿಂತ. ಒಂದು ಮನೆಯಲ್ಲಿ ಗಂಡ ಇದ್ದೂ ಹಣೆ ಬರಿದಾಗಿತ್ತು. ಇಲ್ಲಿ ಇಲ್ಲದ ಗಂಡನಿಗೆ ಹನ್ನೊಂದು ವರ್ಷ ಕುಂಕುಮ ಇಟ್ಟುಕೊಂಡು ಬಂದಿದ್ದಳು. ಎರಡೂ ಅವನಿಂದಲೇ ಆದದ್ದು.

"ಒಳಗ ಬರ್ರಿ, ಯಾರ ಬೇಕಾಗಿತ್ತ್ರಿ?" ಎಂದಳು ಉಡಚವ್ವ.

ಅವನು ಒಳಗೆ ಹೋಗಿ ನೆಲದ ಮೇಲೆ ಕೂತು ಹೇಳಿದ. ಹೊಳೆದಂಡೆ, ಬೆರಳು, ತಾನು ಆಡಿದ ಸುಳ್ಳು, ಒಂದನ್ನೂ ಬಿಡಲಿಲ್ಲ. ಹೇಳಿ ತಲೆ ತಗ್ಗಿಸಿದ. ಹೊಡೆದರೂ ಹೊಡೆಸಿಕೊಳ್ಳುವುದೆಂದು ಬಂದಿದ್ದ.

ಉಡಚವ್ವನ ಕೈಯಲ್ಲಿದ್ದ ಶೇಂಗಾ ಹಾಗೇ ಇತ್ತು. ಅದನ್ನು ಕೆಳಗಿಟ್ಟು ಕೇಳಿದಳು: "ಮಣ್ಣು ಮಾಡುವಾಗ ಮಂದಿ ಇದ್ರೇನ್ರಿ?"

"ಓಣಿಗೆ ಓಣೀನ ಬಂದಿತ್ತವ್ವ. ನೂರಾರು ಮಂದಿ."

"ಭಜನಿ?"

"ಊರಾಗಿಂದ ಸ್ಮಶಾನದ ತನಕಾ ಮಾಡಿದ್ವಿ. ವರ್ಷದ ಪುಣ್ಯತಿಥಿ ಮಾಡಿ ಊಟ ಹಾಕೇವಿ."

"ಅತ್ತವ್ರು ಇದ್ರೇನು?"

"ನಮ್ಮ ವೈನಿ ಅತ್ತಾಳ. ನಾನೂ ಅತ್ತೀನಿ."

"ಹಂಗಾರ ಅಂವ ಪರದೇಶಿ ಆಗಿ ಹೋಗಲಿಲ್ಲ," ಎಂದಳು ಉಡಚವ್ವ. "ಎಲ್ಲೋ ನಾಯಿ ನರಿ ಎಳದವೋ ಏನೋ ಅಂತ ಅನಕೋತ ಕುಂತಿದ್ದೆ." ಆಮೇಲೆ ಅವಳ ಬಾಯಿಂದ ಬಂದ ಅಳುವಿಗೆ ಅಕ್ಕಪಕ್ಕದ ಮನೆಯವರೆಲ್ಲ ಓಡಿ ಬಂದರು.

ತಹಶೀಲ್ದಾರರ ಎದುರು ಗುಂಡಿ ತೆಗೆಸಿ, ಎಲುಬಿನ ಪರೀಕ್ಷೆ ಮಾಡಿಸಿ, ಕಾಗದ ಬರುವ ತನಕ ಐದು ತಿಂಗಳು ಹಿಡಿಯಿತು. ಅಷ್ಟರಲ್ಲಿ ಓಣಿಯವರು ಯಾರೂ ಹೇಳದೆಯೇ ಒಬ್ಬೊಬ್ಬರಾಗಿ ಫೈಬರ್ ಹಾಕಿಸಿಕೊಂಡರು. ಆನಂದನಿಗೆ ಬಯಲ ಹಳ್ಳಿಗಳು ಉಳಿದವು. ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯ ಒಂಟಿ ಮನೆಗಳಿಗೆ ಛತ್ರಿ ಕಟ್ಟುತ್ತ ಹೋದ. ಪ್ರಭುಲಿಂಗ ತಾನಾಗಿಯೇ ಹೋಗಿ ತನ್ನ ಕಂಬಗಳನ್ನು ಅಯ್ಯೂಬನಿಗೆ ಬಿಟ್ಟುಕೊಟ್ಟು, ಅವನ ಜೊತೆ ವೈರು ಎಳೆಯುವ ಕೆಲಸಕ್ಕೆ ನಿಂತ. ಅದರ ಬಗ್ಗೆ ಯಾರಾದರೂ ಕೇಳಿದರೆ, "ಹುಡುಗ ಚೊಲೊ ಅದಾನ," ಎಂದಷ್ಟೇ ಹೇಳುತ್ತಿದ್ದ.

ಪರೀಕ್ಷೆಯಲ್ಲಿ ಹುಲಗಪ್ಪನೇ ಎಂದು ಬಂತು. ಉಡಚವ್ವ ಗಂಡನನ್ನು ತನ್ನ ಹೊಲಕ್ಕೆ ತರಬೇಕೆಂದಳು. ಕಪ್ಪತಗುಡ್ಡದ ಬುಡದ ಆ ಹೊಲಕ್ಕೆ ನೇಕಾರ ಓಣಿಯವರು ಎರಡು ಟೆಂಪೋ ತುಂಬ ಹೋದರು. ಹನ್ನೊಂದು ವರ್ಷದ ಹಿಂದೆ ಹೆಗಲು ಕೊಟ್ಟವರಲ್ಲಿ ಬದುಕಿದ್ದವರೆಲ್ಲ ಬಂದಿದ್ದರು. ವಯಸ್ಸಾಗಿದೆ, ಬೇಡವೆಂದರೂ ರಾಮಪ್ಪ ಕೇಳದೆ ಬಂದಿದ್ದ. ಅಂದಪ್ಪ, ಪ್ರಭುಲಿಂಗ ಮುಂದೆ ನಿಂತು ಮಣ್ಣು ಕೊಟ್ಟರು. ಮಲ್ಲವ್ವ ಬದುವಿನ ಮೇಲೆ ಉಡಚವ್ವನ ಪಕ್ಕ ಕೂತು, ಅವಳ ಬೋಳು ಕೈಯನ್ನು ತನ್ನ ಹೊಸ ಬಳೆಯ ಕೈಯಲ್ಲಿ ಹಿಡಿದುಕೊಂಡಿದ್ದಳು. ಬಿಸಿಲು ಏರುವ ತನಕ ಇಬ್ಬರೂ ಏಳಲಿಲ್ಲ.