ಮೊದಲ ಹೆಬ್ಬೆಟ್ಟು

ಮರಾಠಿ ಸೀಮೆಯ ಖುಲ್ತಾಬಾದ್ ರಸ್ತೆಯ ಒಂದು ಹಳ್ಳಿಯ ಹೊಲಗಳನ್ನು ಕಾರ್ಖಾನೆ ವಲಯ ಮಾಡುತ್ತಾರೆಂಬ ಸುದ್ದಿ ಬಂದಾಗ ಊರವರಿಗಿಂತ ಜೋರಾಗಿ ಹಾರಾಡಿದವಳು ಮಾಳವ್ವ. ಕನ್ನಡ ಸೀಮೆಯ ಇಂಡಿ ಊರಿನಿಂದ ಗಾರೆ ಕೆಲಸಕ್ಕೆ ಬಂದು ಊರಂಚಿನ ತಗಡಿನ ಶೆಡ್ಡಿನಲ್ಲಿ ಹದಿನೆಂಟು ವರ್ಷ ಕಳೆದವಳಿಗೆ ಅದೇ ಊರು. ಧರಣಿ ಕೂತವರಿಗೆ ದಿನಾ ಬುಟ್ಟಿ ತುಂಬ ಜೋಳದ ರೊಟ್ಟಿ ಹೊತ್ತು ತಂದಳು. ಅವರು ತಿಂದು ತೇಗಿದರು. ಊರ ಪಂಚಾಯ್ತಿಯ ಮುಖ್ಯಸ್ಥ ಸರಪಂಚ ಮರಾಠಿ ಅರ್ಜಿ ಚಾಚಿದಾಗ, ಓದು ಬಾರದ ಮಾಳವ್ವ ತಾನೇ ಮೊದಲು ಹೆಬ್ಬೆಟ್ಟು ಒತ್ತಿದಳು. ಹಿಂಜರಿದ ಅಕ್ಕಪಕ್ಕದ ಶೆಡ್ಡಿನವರನ್ನೂ "ಊರಿನ ಕೆಲಸ ಐತಿ, ಒತ್ರಿ" ಎಂದು ಗದರಿ ಒತ್ತಿಸಿದಳು.

ಊರು ಗೆದ್ದಿತು. ಗುಲಾಲು ಹಾರಿದ ಮೂರನೇ ದಿನ ಶೆಡ್ಡುಗಳ ಮುಂದೆ ಜೆಸಿಬಿ ಬಂದು ನಿಂತಿತು. ಅಡ್ಡ ನಿಂತ ಮಾಳವ್ವನಿಗೆ ಅಧಿಕಾರಿ ಅದೇ ಅರ್ಜಿಯ ನಕಲು ತೋರಿಸಿದ. ಇಲ್ಲಿಯ ಶಾಲೆಯಲ್ಲಿ ಕಲಿತ ಮಗಳು ಮಂಜುಳಾ ಅದನ್ನು ಓದಿ, ತಾಯಿಯ ಮುಖ ನೋಡದೆ ಹೇಳಿದಳು: "ಕಾರ್ಖಾನಿ ಬಂದ್ರ ಹೊರಗಿನ ಮಂದಿ ಇನ್ನೂ ಬರ್ತಾರ, ಈಗಿರೋ ಶೆಡ್ಡೂ ಕೀಳಸ್ರಿ ಅಂತ ಬರದಾರವ್ವಾ. ಕೆಳಗ ಮೊದಲನೇ ಹೆಬ್ಬೆಟ್ಟು ನಿಂದೈತಿ."

ಮಾಳವ್ವ ಗುಂಪಿನಲ್ಲಿದ್ದ ಸರಪಂಚನ ಹೆಂಡತಿಯ ಕಡೆ ತಿರುಗಿದಳು. ಆಕೆ ತೊಳೆದು ತಂದಿದ್ದ ರೊಟ್ಟಿ ಬುಟ್ಟಿಯನ್ನು ಮಾಳವ್ವನ ಕೈಗಿಟ್ಟು, ಮರಾಠಿಯಲ್ಲಿ ಮೆತ್ತಗೆ ಅಂದಳು: "ನಮ್ಮಲ್ಲೇ ಉಳಿದಿತ್ತು. ಸಾಮಾನು ಹೊರೋಕೆ ಬೇಕಾಗುತ್ತೆ, ತಗೋ."