ನಂಬರ್ ಪ್ಲೇಟಿನ ಆಟ

ಆನವಟ್ಟಿಯಿಂದ ಸೊರಬಕ್ಕೆ ಬಸ್ಸು ಹತ್ತಿದರೆ ಗಣಿತದ ಶ್ರೀನಾಥ ಮೇಷ್ಟ್ರಿಗೂ ಎಂಟನೇ ಕ್ಲಾಸಿನ ಮಗಳು ಮೇಘನಾಗೂ ಒಂದೇ ಆಟ. ಎದುರು ಬರುವ ಗಾಡಿಯ ನಂಬರ್ ನೋಡಬೇಕು, ಅಂಕೆಗಳನ್ನು ಕೂಡಬೇಕು, ಬಂದ ಮೊತ್ತದಿಂದ ಆ ನಂಬರನ್ನೇ ಭಾಗಿಸಬೇಕು. ಶೇಷ ಉಳಿಯದಿದ್ದರೆ ಅದು ‘ಒಳ್ಳೆ ನಂಬರ್’. ಇಪ್ಪತ್ತನಾಲ್ಕು ಒಳ್ಳೆಯದು, ಎರಡೂ ನಾಲ್ಕೂ ಕೂಡಿ ಆರು, ಆರರಿಂದ ಸರಿಯಾಗಿ ಭಾಗ ಹೋಗುತ್ತದೆ. ಇಪ್ಪತ್ತೈದು ಕೆಟ್ಟದ್ದು. ಮೊನ್ನೆ ಗಾಡಿಗಳು ಕಡಿಮೆ ಇದ್ದವೆಂದು ಅಪ್ಪ ಮಗಳು ಒಂದರಿಂದ ಹಿಡಿದು ಒಳ್ಳೆ ನಂಬರುಗಳನ್ನೆಲ್ಲ ಬಾಯಲ್ಲೇ ಹೇಳುತ್ತ ನೂರು ದಾಟಿದ್ದರು.

ಈ ಶನಿವಾರ ಸೊರಬದಲ್ಲಿ ಯುವಕ ಸಂಘದ ಗಣಿತ ರಸಪ್ರಶ್ನೆ. ಪ್ರಶ್ನೆ ಕೇಳಲು ಕರೆದದ್ದು ಮೇಷ್ಟ್ರನ್ನೇ. ಮಗಳೂ ಸ್ಪರ್ಧೆಯಲ್ಲಿದ್ದಾಳೆ ಎಂದು ಅವರೇ ಹೇಳಿದಾಗ ಸಂಘದ ಹೂವಪ್ಪ ನಕ್ಕುಬಿಟ್ಟ.

“ನಿಮ್ಮ ಮೇಲೆ ಅನುಮಾನ ಪಡೋಕಾಗತ್ತಾ ಸಾರ್?”

ಈ ಮಾತು ಮೇಷ್ಟ್ರಿಗೆ ಬಹಳ ಹಿಡಿಸಿತು.

ಕೊನೆಗೆ ಉಳಿದವರು ಇಬ್ಬರೇ, ಮೇಘನಾ ಮತ್ತು ಶಿಕಾರಿಪುರದ ಸೌಂದರ್ಯ. ಇಬ್ಬರದೂ ಸಮ ಅಂಕ. ಇನ್ನೊಂದು ಪ್ರಶ್ನೆ, ಮೊದಲು ಗಂಟೆ ಬಾರಿಸಿ ಸರಿ ಉತ್ತರ ಹೇಳಿದವರಿಗೆ ಕಪ್. ಮೇಷ್ಟ್ರ ಮುಂದೆ ಪ್ರಶ್ನೆಯ ಚೀಟಿಗಳು ಬೇಕಾದಷ್ಟಿದ್ದವು. ಒಂದನ್ನು ಎತ್ತಿದ್ದರೆ ಆಗುತ್ತಿತ್ತು. ಎತ್ತಲಿಲ್ಲ.

“ನೂರಾದ ಮೇಲೆ, ತನ್ನ ಅಂಕೆಗಳ ಮೊತ್ತದಿಂದ ಶೇಷವಿಲ್ಲದೆ ಭಾಗವಾಗುವ ಮೊದಲ ಮೂರು ಸಂಖ್ಯೆಗಳು ಯಾವುವು?”

ಪ್ರಶ್ನೆ ತಾನಾಗಿ ಬಾಯಿಗೆ ಬಂತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡರು. ತಾನಾಗಿ ಬರಲು ಅದೇನು ಸೀನೇ?

ಮೇಘನಾಳ ಕೈ ಗಂಟೆಯ ಮೇಲಿತ್ತು. ಪ್ರಶ್ನೆ ಮುಗಿಯುತ್ತಲೇ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಸೌಂದರ್ಯ ಮೇಜಿನ ಮೇಲೆ ಬೆರಳಿನಲ್ಲಿ ಗೀಚುತ್ತ ಲೆಕ್ಕಕ್ಕೆ ಬಿದ್ದಿದ್ದಳು. ಮಗಳು ಮರೆತೇಬಿಟ್ಟಳೇನೋ ಎಂದು ಮೇಷ್ಟ್ರಿಗೆ ಜೀವ ಹೋದಂತಾಯಿತು.

“ಬಸ್ಸಲ್ಲಿ ಹೇಳಿದ್ವಲ್ಲ ಪುಟ್ಟಿ!”

ಮೈಕು ಆನ್ ಇತ್ತು. ಇಡೀ ಸಭೆ ಕೇಳಿಸಿಕೊಂಡಿತು. ಸೌಂದರ್ಯಳ ಅಪ್ಪ ಲೋಕಪ್ಪ ಹಿಂದಿನ ಸಾಲಿನಲ್ಲಿ ಎದ್ದು ನಿಂತರು.

“ಬಸ್ಸಲ್ಲಿ ಏನು ಹೇಳಿದ್ರಿ ಸಾರ್? ನಮ್ಮ ಹುಡುಗಿಗೂ ಒಂಚೂರು ಹೇಳ್ರಿ.”

ಯಾರೋ ನಕ್ಕರು. ಹೂವಪ್ಪ ನಗಲಿಲ್ಲ, ತಲೆ ತಗ್ಗಿಸಿದ. ಅದೇ ಹೆಚ್ಚು ಚುಚ್ಚಿತು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಮೇಷ್ಟ್ರಿಗೆ. ಕಾಪಿ ಹೊಡೆದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಮನುಷ್ಯ ಈಗ ಎಲ್ಲರೆದುರು ವೇದಿಕೆಯ ಮೇಲೆ ನಿಂತಿದ್ದರು.

ಗಂಟೆ ಸದ್ದಾಯಿತು. ಬಾರಿಸಿದ್ದು ಸೌಂದರ್ಯ.

“ನೂರಾ ಎರಡು, ನೂರಾ ಎಂಟು, ನೂರಾ ಹತ್ತು.”

‘ಸರಿ’ ಎಂದು ಮೇಷ್ಟ್ರು ಮುಂದಿದ್ದ ಚೀಟಿಗಳನ್ನು ಒಟ್ಟುಮಾಡತೊಡಗಿದರು. ಮೊದಲು ಚಪ್ಪಾಳೆ ತಟ್ಟಿದವಳು ಮೇಘನಾ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿ ಪಕ್ಕ ಕೂತಳು.

“ಮರ್ತುಹೋಗಿತ್ತಾ?” ಮೇಷ್ಟ್ರು ಮೆಲ್ಲಗೆ ಕೇಳಿದರು.

“ಇಲ್ಲ.”

“ಮತ್ಯಾಕೆ ಸುಮ್ನಿದ್ದೆ?”

“ಅವಳಿಗೆ ಯಾರೂ ಹೇಳಿರ್ಲಿಲ್ವಲ್ಲ ಅಪ್ಪ.”

“ನಾನು ತಪ್ಪು ಮಾಡ್ದೆ ಪುಟ್ಟಿ. ನಂಗೆ ನಾಚಿಕೆ ಆಗ್ತಿದೆ.”

ಎದುರಿಗೊಂದು ಲಾರಿ ಬಂತು, 1452. ಮೊತ್ತ ಹನ್ನೆರಡು, ಭಾಗಿಸಿದರೆ ನೂರಾ ಇಪ್ಪತ್ತೊಂದು. ಇಂಥದ್ದು ಸಿಕ್ಕರೆ ಮೇಘನಾ ಸೀಟಿನಿಂದ ಎದ್ದೇ ಕೂಗುತ್ತಿದ್ದಳು. ಮೇಷ್ಟ್ರು ಆಸೆಯಿಂದ ಮಗಳ ಮುಖ ನೋಡಿದರು. ಅವಳೂ ನಂಬರ್ ನೋಡಿದ್ದಳು, ತುಟಿ ಅಲುಗಿ ಲೆಕ್ಕವೂ ಮುಗಿದಿತ್ತು.

ಅಪ್ಪನಿಗೆ ಮಾತ್ರ ಹೇಳಲಿಲ್ಲ.